ಸೋರುವ ತಾರಸಿಗೆ ರಬ್ಬರಿನ ಹೊದಿಕೆ



ಇಂದಿನ ಮಾತು ಒಂದೇ ವಿಷಯದ ಮೇಲೆ. ಸೋರುವ ತಾರಸಿಗೆ ರಬ್ಬರಿನ ಹಾಳೆ ಹೊದಿಸುವುದು, ಅದೂ ನಮ್ಮ ಕೈಯಾರೆ ಹೊದಿಸುವುದು. ಮುಂಬಯಿಯ ವಿಕ್ರೋಳಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾತನಾಡುತ್ತೇನೆ. ಕನ್ನಮ್ವಾರ್ ನಗರ, ಟಾಗೋರ್ ನಗರ, ಪಾರ್ಕ್‌ಸೈಟ್‌ಗಳ ಹಳೆಯ ಕಟ್ಟಡಗಳಲ್ಲಿ ಕೊನೆಯ ಮಹಡಿಯಲ್ಲಿ ಇರುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಊರಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದವರಿಗೂ ಗೊತ್ತು.

ಮಳೆಗಾಲದ ಮೊದಲ ಮಳೆಗೆ ಏನೂ ಆಗುವುದಿಲ್ಲ. ಎರಡನೆಯದಕ್ಕೂ ಆಗುವುದಿಲ್ಲ. ನಾಲ್ಕು ದಿನ ಬಿಡದೆ ಸುರಿದ ಮೇಲೆ ಚಾವಣಿಯಲ್ಲಿ ಒಂದು ಕಲೆ ಮೂಡುತ್ತದೆ. ತಟ್ಟೆಯಗಲದ ಕಲೆ, ಸುತ್ತ ಹಳದಿ ಅಂಚು. ಬೆರಳು ತಾಗಿಸಿದರೆ ಬಣ್ಣ ಪುಡಿಯಾಗಿ ಉದುರುತ್ತದೆ. ಆಮೇಲೆ ಫ್ಯಾನಿನ ಕೊಕ್ಕೆಯಿಂದ ಹನಿ ಬೀಳಲು ಶುರು. ಕೆಳಗೆ ಬಾಲ್ದಿ ಬರುತ್ತದೆ. ಮಂಚ ಗೋಡೆಯಿಂದ ಈಚೆಗೆ ಸರಿಯುತ್ತದೆ. ಫ್ಯಾನಿನ ಕೊಕ್ಕೆಯಿಂದ ಹನಿ ಬಿದ್ದರೆ ಮೊದಲು ಮಾಡಬೇಕಾದ್ದು ಆ ಕೋಣೆಯ ವಿದ್ಯುತ್ ಬಂದ್ ಮಾಡುವುದು. ಉಳಿದದ್ದೆಲ್ಲ ಆಮೇಲೆ.

ಎಷ್ಟು ನೀರು ನಮ್ಮ ತಲೆಯ ಮೇಲೆ ಬೀಳುತ್ತದೆ? ಸಾಂತಾಕ್ರೂಜ್ ಹವಾಮಾನ ಕೇಂದ್ರದ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ ಸುಮಾರು 2,300 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಹಾಗಾದರೆ 500 ಚದರ ಅಡಿಯ ಒಂದು ಮನೆಯ ಮೇಲೆ ಒಂದು ಮಳೆಗಾಲದಲ್ಲಿ ಬೀಳುವ ನೀರು ಒಂದು ಲಕ್ಷ ಲೀಟರ್ ದಾಟುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಬಂದು ಮನೆಯ ಮೇಲೆ ಸುರಿದ ಹಾಗೆ. 2005ರ ಜುಲೈ 26ನ್ನು ಮುಂಬಯಿಯವರು ಮರೆಯುವುದಿಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನಮ್ಮ ಆ ಪುಟ್ಟ ಮನೆಯ ಲೆಕ್ಕದಲ್ಲಿ ನಾಲ್ಕು ಟ್ಯಾಂಕರಿಗಿಂತ ಹೆಚ್ಚು ನೀರು, ಒಂದೇ ದಿನದಲ್ಲಿ.

ಕರ್ನಾಟಕ ಕರಾವಳಿಯ ನಮ್ಮ ಊರುಗಳಲ್ಲಿ ಮಳೆ ಇದಕ್ಕಿಂತ ಹೆಚ್ಚು. ಆದರೂ ಹಂಚಿನ ಮನೆಯಲ್ಲಿ ಬೆಳೆದವರಿಗೆ ಈ ಪಾಡು ಇರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆ ಹಂಚಿನ ಮಾಡು ನೀರನ್ನು ತಡೆದು ನಿಲ್ಲಿಸುವುದಿಲ್ಲ, ಓಡಿಸುತ್ತದೆ. ಒಂದು ಹಂಚು ಒಡೆದರೆ ಅದೊಂದನ್ನು ಬದಲಿಸಿದರಾಯಿತು. ತಾರಸಿಯಲ್ಲಿ ನೀರಿಗೆ ನಿಂತು ಯೋಚಿಸಲು ಪುರುಸೊತ್ತು ಇದೆ. ಕೂದಲೆಳೆಯಷ್ಟು ಸಂದು ಸಿಕ್ಕರೂ ಇಳಿಯುತ್ತದೆ. ಊರಿನಲ್ಲಿ ಈಗ ತಾರಸಿ ಮನೆಯವರೆಲ್ಲ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟಿನ ಮಾಡು ಹಾಕಿಸುವುದು ಇದೇ ಕಾರಣಕ್ಕೆ. ಮುಂಬಯಿಯಲ್ಲಿ ಅಂಥ ಶೆಡ್ಡಿಗೆ ಮಹಾನಗರಪಾಲಿಕೆಯ ಅನುಮತಿ ಬೇಕು.

ಮಳೆಯ ಲೆಕ್ಕ ಆಯಿತು. ತಾರಸಿಯಲ್ಲಿ ನೀರು ನಿಲ್ಲುತ್ತದೆ ಎಂದೂ ಆಯಿತು. ಈಗ ಸಂದು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಬರಿಗಾಲಿಡಲು ಆಗುವುದಿಲ್ಲ. ಸ್ಲ್ಯಾಬಿನ ಮೈ 60 ಡಿಗ್ರಿಯವರೆಗೂ ಕಾಯುತ್ತದೆ. ಒಂದು ಮಳೆ ಬಿದ್ದರೆ ಅರ್ಧ ಗಂಟೆಯಲ್ಲಿ ಮೂವತ್ತು ಡಿಗ್ರಿ ಇಳಿಯಬಹುದು. ಹತ್ತು ಮೀಟರ್ ಉದ್ದದ ಸ್ಲ್ಯಾಬು ಅಷ್ಟು ತಣ್ಣಗಾದರೆ ಸುಮಾರು ಮೂರು ಮಿಲಿಮೀಟರ್ ಕುಗ್ಗುತ್ತದೆ. ಹೀಗೆ ದಿನವೂ ಎಳೆದಾಟ, ವರ್ಷಗಟ್ಟಲೆ. ಗಟ್ಟಿಯಾದ ಸಿಮೆಂಟ್ ಲೇಪ ಈ ಎಳೆದಾಟ ತಾಳುವುದಿಲ್ಲ. ಸೀಳುತ್ತದೆ. ಕಲೆ ಮೂಡಿದ ಜಾಗದ ನೇರ ಮೇಲೆಯೇ ಸಂದು ಇರುತ್ತದೆ ಎಂದೂ ತಿಳಿಯಬೇಡಿ. ನೀರು ಹಳೆಯ ಪದರಗಳ ನಡುವೆ ಹರಿದು, ಹತ್ತು ಅಡಿ ಆಚೆಗೆ ದಾರಿ ಹುಡುಕಿ ಇಳಿಯುತ್ತದೆ.

ಮುಂಬಯಿಯಲ್ಲಿ ವಾಡಿಕೆಯ ಪರಿಹಾರ ಕೋಬಾ. ಇಟ್ಟಿಗೆ ಚೂರುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸಿ, ಇಳಿಜಾರು ಕೊಟ್ಟು, ಮೇಲೆ ನುಣ್ಣಗೆ ಮಾಡುವುದು. ಅಥವಾ ಅದರ ಮೇಲೆ ಒಡೆದ ಬಿಳಿ ಟೈಲ್ಸಿನ ಚೈನಾ ಮೊಸಾಯಿಕ್. ಒಳ್ಳೆಯ ಕೈ ಮಾಡಿದ ಕೋಬಾ ಒಳ್ಳೆಯದೇ. ತೊಂದರೆ ಬರುವುದು ಹಳೆಯ ಕೋಬಾದ ಮೇಲೆ ಇನ್ನೊಂದು ಕೋಬಾ ಹಾಕಿದಾಗ. ನಾಲ್ಕೂವರೆ ಇಂಚಿನ ಕೋಬಾ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ನಮ್ಮ 500 ಚದರ ಅಡಿಗೆ ಅದು ಒಂಬತ್ತು ಟನ್. ಐವತ್ತು ವರ್ಷ ಹಳೆಯ ಸ್ಲ್ಯಾಬಿನ ಮೇಲೆ ಇನ್ನೂ ಒಂಬತ್ತು ಟನ್ ಹೇರುವುದು ನನಗೆ ಭಯ ಹುಟ್ಟಿಸುತ್ತದೆ. ಅಷ್ಟೇ ಜಾಗಕ್ಕೆ ರಬ್ಬರಿನ ಹಾಳೆಯ ತೂಕ 65 ಕಿಲೋ ಆಸುಪಾಸು. ಒಬ್ಬ ಮನುಷ್ಯನ ತೂಕ.

ಈ ರಬ್ಬರು ಯಾವುದು? ಎಥಿಲೀನ್ ಪ್ರೊಪಿಲೀನ್ ಡೈಯೀನ್ ಮಾನೊಮರ್. ಹೆಸರು ಉದ್ದ, ವ್ಯವಹಾರದಲ್ಲಿ ಇಪಿಡಿಎಂ ಎನ್ನುತ್ತಾರೆ. ಕಾರಿನ ಬಾಗಿಲ ಅಂಚಿಗೆ ಮಳೆನೀರು ತಡೆಯಲು ಹಾಕುವ ಕಪ್ಪು ರಬ್ಬರು ಇದೇ. 1960ರ ದಶಕದಿಂದ ಹೊರದೇಶಗಳಲ್ಲಿ ತಾರಸಿಗೆ ಬಳಕೆಯಲ್ಲಿದೆ. ಹಾಳೆಯ ದಪ್ಪ ಒಂದು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ತುಸು ಕಡಿಮೆ. ಎಳೆದರೆ ತನ್ನ ಉದ್ದದ ಮೂರು ಪಟ್ಟು ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಸ್ಲ್ಯಾಬಿನ ಮೂರು ಮಿಲಿಮೀಟರ್ ಎಳೆದಾಟ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಿಸಿಲಿಗೂ ಓಝೋನಿಗೂ ಹೆದರುವುದಿಲ್ಲ. ಸರಿಯಾಗಿ ಹಾಕಿದರೆ ಮೂವತ್ತು ವರ್ಷ ಬಾಳುತ್ತದೆ.

ಎರಡು ವಸ್ತುಗಳನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಒಂದು, ಊರಿನಲ್ಲಿ ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದು ಬೇರೆ ವಸ್ತು, ಗೋಡೆಗೆ ಅಂಟುವುದಿಲ್ಲ. ಇನ್ನೊಂದು, ಗ್ಯಾಸ್ ಬೆಂಕಿಯಿಂದ ಕಾಯಿಸಿ ಅಂಟಿಸುವ ಡಾಂಬರಿನ ಮೆಂಬ್ರೇನ್. ಮುಂಬಯಿಯಲ್ಲಿ ಅದು ಹೆಚ್ಚು ಬಳಕೆಯಲ್ಲಿದೆ, ಒಳ್ಳೆಯದೂ ಹೌದು. ಆದರೆ ಸಿಲಿಂಡರು, ಉರಿಯುವ ಟಾರ್ಚು ಹಿಡಿದು ಗಚ್ಚಿಗೆ ಹತ್ತುವುದು ಮನೆಯವರ ಕೆಲಸ ಅಲ್ಲ. ತರಬೇತಿ ಇದ್ದವರಿಗೆ ಬಿಡಿ. ಇಪಿಡಿಎಂಗೆ ಬೆಂಕಿ ಬೇಡ. ಅದಕ್ಕೇ ಅದು ನಾವೇ ಮಾಡಬಹುದಾದ ಕೆಲಸ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನೀರು ಬಹಳ, ಸ್ಲ್ಯಾಬು ದಿನವೂ ಅಲುಗುತ್ತದೆ, ರಬ್ಬರು ಅದರ ಜೊತೆ ಅಲುಗುತ್ತದೆ, ಭಾರವೂ ಇಲ್ಲ. ಹಾಗಾದರೆ ನಾಳೆಯೇ ಹಾಳೆ ತರೋಣವೇ? ತಡೆಯಿರಿ. ಮೊದಲು ಆ ಗಚ್ಚಿ ಯಾರದು ಎಂದು ಕೇಳಿಕೊಳ್ಳಿ.

ಸೊಸೈಟಿಯ ಕಟ್ಟಡವಾದರೆ ಗಚ್ಚಿ ಎಲ್ಲರದ್ದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ ಈ ವಿಷಯ ಸ್ಪಷ್ಟವಾಗಿದೆ. ತಾರಸಿಯಿಂದ ಮಳೆನೀರು ಸೋರಿದರೆ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಅದರಿಂದ ಮೇಲಿನ ಮಹಡಿಯ ಮನೆಯ ಚಾವಣಿ, ಪ್ಲಾಸ್ಟರು ಹಾಳಾದರೆ ಅದನ್ನು ಸರಿಪಡಿಸುವುದೂ ಸೊಸೈಟಿಯ ಹೊಣೆ. ಎಷ್ಟೋ ಹಿರಿಯರು ಇದು ತಿಳಿಯದೆ, ಕಮಿಟಿಯವರನ್ನು ಕೇಳಲು ಸಂಕೋಚಪಟ್ಟು, ಪ್ರತಿ ವರ್ಷ ತಮ್ಮ ಕೈಯಿಂದ ದುಡ್ಡು ಹಾಕಿ ತಾಡಪತ್ರಿ ಕಟ್ಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಮಿಟಿಗೆ ಒಂದು ಅರ್ಜಿ ಬರೆದುಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಇದು ದಯೆ ಬೇಡುವುದಲ್ಲ, ನಿಮ್ಮ ಹಕ್ಕು.

ಎರಡನೆಯ ಪ್ರಶ್ನೆ, ಸ್ಲ್ಯಾಬಿನ ಆರೋಗ್ಯ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಎರಡು ಪಟ್ಟಿಗಿಂತ ಹೆಚ್ಚು ಉಬ್ಬುತ್ತದೆ. ಸುತ್ತಲಿನ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಚಾವಣಿಯಿಂದ ಪ್ಲಾಸ್ಟರಿನ ಹೆಂಟೆ ಬಿದ್ದಿದ್ದರೆ, ಕಂದು ಬಣ್ಣದ ಸರಳು ಹೊರಗೆ ಕಾಣುತ್ತಿದ್ದರೆ, ರಬ್ಬರು ಅದಕ್ಕೆ ಮದ್ದಲ್ಲ. ರೋಗವನ್ನು ಮುಚ್ಚಿಡುತ್ತದೆ, ಅಷ್ಟೇ. ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನ ಪ್ರಕಾರ ಕಡ್ಡಾಯ. ಕನ್ನಮ್ವಾರ್ ನಗರದ ಹಲವು ಕಟ್ಟಡಗಳು ಪುನರ್‌ನಿರ್ಮಾಣಕ್ಕೆ ಹೋಗುತ್ತಿವೆ. ನಿಮ್ಮ ಕಟ್ಟಡ ಎರಡು ಮೂರು ವರ್ಷದಲ್ಲಿ ಕೆಳಗಿಳಿಯುವುದು ಖಚಿತವಾದರೆ ಮೂವತ್ತು ವರ್ಷದ ರಬ್ಬರಿಗೆ ದುಡ್ಡು ಹಾಕಬೇಡಿ. ಅಲ್ಲಿ ತಾಡಪತ್ರಿಯೇ ಸರಿ. ಇನ್ನು ಗುಡ್ಡದ ಬುಡದಲ್ಲಿ ತಗಡಿನ ಮನೆಗಳಲ್ಲಿ ಇರುವವರ ಕಷ್ಟವೇ ಬೇರೆ. 2021ರ ಜುಲೈಯಲ್ಲಿ ವಿಕ್ರೋಳಿಯ ಸೂರ್ಯನಗರದಲ್ಲಿ ರಾತ್ರಿಯ ಮಳೆಗೆ ಗುಡ್ಡ ಕುಸಿದು ಮನೆಗಳ ಮೇಲೆ ಬಿತ್ತು, ಜೀವಗಳು ಹೋದವು. ಅಲ್ಲಿ ಬೇಕಾದದ್ದು ರಬ್ಬರಲ್ಲ, ಭದ್ರವಾದ ಜಾಗ.

ಹಾಗಾದರೆ ನಮ್ಮ ಕೈಯಾರೆ ಮಾಡಬಹುದಾದ ಗಚ್ಚಿ ಯಾವುದು? ಸ್ವಂತ ರೋ ಹೌಸಿನ ತಾರಸಿ. ಊರಿನ ಮನೆಯ ಪೋರ್ಟಿಕೋ, ಬಚ್ಚಲುಮನೆಯ ಸ್ಲ್ಯಾಬು. ಸೊಸೈಟಿಯಲ್ಲಾದರೆ ಮೆಟ್ಟಿಲಿನ ಮೇಲಿನ ಕೋಣೆಯ ಮಾಡು, ಪಂಪಿನ ಕೋಣೆಯ ಮಾಡು. ನೂರು ನೂರೈವತ್ತು ಚದರ ಅಡಿ. ಕಮಿಟಿಯ ಒಪ್ಪಿಗೆ ಪಡೆದು, ನಾಲ್ಕು ಜನ ಸದಸ್ಯರು ಸೇರಿ ಅಲ್ಲಿಂದ ಶುರು ಮಾಡಿ. ಒಂದು ಮಳೆಗಾಲ ಕಳೆಯಲಿ. ಒಳಗೆ ಒಣಗಿಯೇ ಇದ್ದರೆ ದೊಡ್ಡ ಗಚ್ಚಿಯ ಮಾತು ಆಮೇಲೆ ಎತ್ತಬಹುದು. ಒಮ್ಮೆಗೇ ಐದು ಸಾವಿರ ಚದರ ಅಡಿಗೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಯಾರ ಗಚ್ಚಿ, ಎಂಥ ಗಚ್ಚಿ ಎಂಬುದು ಆಯಿತು. ಈಗ ಕೆಲಸಕ್ಕೆ ಇಳಿಯೋಣ. ಈ ಕೆಲಸದಲ್ಲಿ ಹಾಳೆ ಅಂಟಿಸುವುದು ಒಂದು ದಿನದ ಮಾತು. ಅದಕ್ಕೆ ಮೊದಲಿನ ತಯಾರಿ ವಾರಗಟ್ಟಲೆ ಹಿಡಿಯುತ್ತದೆ. ಫಲ ನಿಂತಿರುವುದು ಆ ತಯಾರಿಯ ಮೇಲೆ.

ಮೊದಲು ಇಳಿಜಾರು. ಹತ್ತು ಅಡಿಗೆ ಒಂದೂಕಾಲು ಇಂಚು ಇಳಿತ ಬೇಕು, ನೀರಿಳಿಯುವ ಪೈಪಿನ ಬಾಯಿಯ ಕಡೆಗೆ. ನಾಲ್ಕು ಕೊಡ ನೀರು ಚೆಲ್ಲಿ. ಒಂದು ಗಂಟೆ ಬಿಟ್ಟು ಬಂದು ಎಲ್ಲಿ ನಿಂತಿದೆ ನೋಡಿ. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆ ತಗ್ಗುಗಳನ್ನು ಗಾರೆಯಿಂದ ತುಂಬಬೇಕು. ಸಡಿಲವಾದ ಗಾರೆಯನ್ನು ಉಳಿಯಿಂದ ಕಿತ್ತು, ತಂತಿ ಬ್ರಶ್ಶಿನಿಂದ ಉಜ್ಜಿ, ಬಿರುಕುಗಳನ್ನು ಅಗಲಿಸಿ ಪಾಲಿಮರ್ ಗಾರೆ ತುಂಬಿ. ನೆಲವೂ ಕೈಗೋಡೆಯೂ ಕೂಡುವ ಮೂಲೆಯಲ್ಲಿ ಚೂಪು ಮೂಲೆ ಇರಕೂಡದು. ಅಲ್ಲಿ ಸಿಮೆಂಟಿನ ಗೋಲಾಯಿ ಕೊಡಬೇಕು, ಮುಂಬಯಿಯ ಗಾರೆಯವರು ವಾಟಾ ಎನ್ನುತ್ತಾರೆ. ಚೂಪು ಮೂಲೆಯಲ್ಲಿ ರಬ್ಬರಿನ ಹಿಂದೆ ಗಾಳಿ ಉಳಿಯುತ್ತದೆ. ಕಾಲಿಟ್ಟಾಗ ಹರಿಯುವುದು ಅಲ್ಲಿಯೇ.

ಹಳೆಯ ಡಾಂಬರು ಇದ್ದರೆ ಎಚ್ಚರ. ಎಣ್ಣೆ, ಸೀಮೆಎಣ್ಣೆ, ಡಾಂಬರು ಇಪಿಡಿಎಂಗೆ ಶತ್ರುಗಳು. ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಡಾಂಬರನ್ನು ಪೂರ್ತಿ ಕಿತ್ತು ತೆಗೆಯಿರಿ, ಇಲ್ಲವೇ ನಡುವೆ ಬೇರೆ ಪದರ ಹಾಕಿ.

ಆಮೇಲೆ ಒಣಗುವುದು. ಹೊಸ ಗಾರೆಗೆ ನಾಲ್ಕು ವಾರ ಬಿಡಿ. ಒಣಗಿದೆ ಎಂದು ಕಣ್ಣಿಗೆ ಕಂಡರೆ ಸಾಲದು, ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಸಂಜೆ ಗಚ್ಚಿಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಮರುದಿನ ಬೆಳಿಗ್ಗೆ ಬಿಡಿಸಿ ನೋಡಿ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಸಣ್ಣ ಸಣ್ಣ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಗಾರೆ ಕಪ್ಪಾಗಿದ್ದರೆ, ಸ್ಲ್ಯಾಬಿನ ಹೊಟ್ಟೆಯಲ್ಲಿ ಇನ್ನೂ ನೀರಿದೆ. ಆ ನೀರಿನ ಮೇಲೆ ರಬ್ಬರು ಮುಚ್ಚಿದರೆ ಬಿಸಿಲಿಗೆ ಅದು ಆವಿಯಾಗಿ ಹಾಳೆಯನ್ನು ಎತ್ತುತ್ತದೆ, ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೇ ಹೇಳುತ್ತೇನೆ, ಒಂದೇ ಜಾಗದಲ್ಲಿ ಅಲ್ಲ, ಮೂರು ನಾಲ್ಕು ಕಡೆ ಈ ಹಾಳೆ ಹಚ್ಚಿ ನೋಡಿ. ನೆರಳಿನ ಮೂಲೆಯನ್ನು ಬಿಡಬೇಡಿ.

ಇಳಿಜಾರು, ಗೋಲಾಯಿ, ಒಣಗಿದ ನೆಲ. ಈ ಮೂರು ಆದ ಮೇಲೆ ಹಾಳೆ.

ಅಳತೆ ತೆಗೆಯುವಾಗ ಉದ್ದಕ್ಕೂ ಅಗಲಕ್ಕೂ ಒಂದೂವರೆ ಅಡಿ ಸೇರಿಸಿ. ಹಾಳೆ ಕೈಗೋಡೆಯ ಮೇಲೆ ಎಲ್ಲ ಕಡೆಯೂ ಅರ್ಧ ಅಡಿಯಾದರೂ ಏರಬೇಕು. ಸಣ್ಣ ಮಾಡಿಗೆ ಒಂದೇ ಹಾಳೆ ಕೊಳ್ಳಿ, ಜೋಡಣೆ ಬೇಡ. ಬಿಚ್ಚಿ ಹಾಸಿ ಅರ್ಧ ಗಂಟೆ ಹಾಗೇ ಬಿಡಿ. ಸುತ್ತಿಟ್ಟ ಸುಕ್ಕು ತಾನಾಗಿ ಬಿಡುತ್ತದೆ. ಅರ್ಧ ಹಾಳೆಯನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ರೋಲರಿನಿಂದ ಅಂಟು ಹಚ್ಚಿ. ನೆಲದ ನಡುಭಾಗಕ್ಕೆ ನೀರು ಆಧಾರಿತ ಅಂಟು ಸಾಕು. ಹಾಳೆಯನ್ನು ನಿಧಾನ ಇಳಿಸುತ್ತ, ಮೆತ್ತನೆಯ ಪೊರಕೆಯಿಂದ ನಡುವಿನಿಂದ ಅಂಚಿಗೆ ಗುಡಿಸಿ ಗಾಳಿ ಓಡಿಸಿ. ಎಳೆದು ಬಿಗಿ ಮಾಡಬೇಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಬಿಸಿಲು ಏರುವ ಮೊದಲು ಮುಗಿಸಿ.

ನಡುಭಾಗದ ಬಗ್ಗೆ ಇಷ್ಟು ಸಾಕು. ನಡುಭಾಗ ಸೋರುವುದಿಲ್ಲ. ಸೋರುವುದು ಅಂಚು, ಮೂಲೆ, ಪೈಪಿನ ಸುತ್ತ. ಈ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹತ್ತು ಪಾಲು ಶ್ರಮದಲ್ಲಿ ಎಂಟು ಪಾಲು ಅಂಚಿಗೆ ಕೊಡಿ.

ಕೈಗೋಡೆಗೆ ಬೇರೆ ಅಂಟು. ಗೋಡೆಗೂ ಹಾಳೆಯ ಬೆನ್ನಿಗೂ ಎರಡಕ್ಕೂ ಹಚ್ಚಬೇಕು. ಕಾಯಬೇಕು. ಬೆರಳು ತಾಗಿಸಿದರೆ ಜಿಗುಟೆನಿಸಬೇಕು, ಆದರೆ ಬೆರಳಿಗೆ ಅಂಟು ಬರಬಾರದು. ಆಗ ಒತ್ತಿ. ಒಮ್ಮೆ ತಾಗಿದರೆ ಬಿಡಿಸಲಾಗದು, ಆದ್ದರಿಂದ ಇಬ್ಬರು ಇರಲಿ. ಈ ಅಂಟಿನ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೀಡಿ, ಸಿಗರೇಟು, ಗ್ರೈಂಡರು ಹತ್ತಿರ ಬೇಡ. ಕೈಗೋಡೆ ಮೊಣಕಾಲೆತ್ತರಕ್ಕಿಂತ ಕಡಿಮೆ ಇದ್ದರೆ ಹಗ್ಗ ಕಟ್ಟಿಕೊಳ್ಳದೆ ಅಂಚಿನಲ್ಲಿ ಕೂರಬೇಡಿ.

ಒಳಮೂಲೆಯಲ್ಲಿ ಹಾಳೆಯನ್ನು ಕತ್ತರಿಸಬೇಡಿ, ಮಡಚಿ. ಲಕೋಟೆಯ ಮೂಲೆ ಮಡಚುತ್ತೇವಲ್ಲ, ಹಾಗೆ ಮಡಚಿ ಗೋಡೆಗೆ ಅಂಟಿಸಿ. ಕತ್ತರಿಸಿದ ಜಾಗ ಎಂದೋ ಒಂದು ದಿನ ಬಾಯಿ ಬಿಡುತ್ತದೆ. ಹೊರಮೂಲೆಗೆ ತಾನಾಗಿ ಅಂಟುವ ರಬ್ಬರಿನ ತೇಪೆ ಸಿಗುತ್ತದೆ, ಅದನ್ನು ಹಾಕಿ. ಹಾಳೆಯ ಮೇಲಂಚಿಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ಒಂದಡಿಗೊಂದು ಸ್ಕ್ರೂ ಬಿಗಿದು, ಪಟ್ಟಿಯ ಮೇಲೆ ಸೀಲಂಟ್ ಎಳೆಯಿರಿ. ಪೈಪು ಮೇಲೆದ್ದ ಜಾಗಕ್ಕೆ ರಬ್ಬರಿನ ಕೊಳವೆ ತೊಡಿಸಿ. ನೀರಿಳಿಯುವ ಬಾಯಿಯಲ್ಲಿ ತೂತನ್ನು ಪೈಪಿಗಿಂತ ಸಣ್ಣದಾಗಿ ಕತ್ತರಿಸಿ ಹಾಳೆಯನ್ನು ಬಾಯೊಳಗೆ ಇಳಿಸಿ. ಎರಡು ಹಾಳೆ ಜೋಡಿಸಲೇಬೇಕಾದರೆ ಮೂರು ಇಂಚು ಒಂದರ ಮೇಲೊಂದು ಬರಲಿ. ಎತ್ತರದ ಕಡೆಯ ಹಾಳೆ ಮೇಲಿರಲಿ. ಪ್ರೈಮರ್ ಹಚ್ಚಿ ಒರೆಸಿ, ಜೋಡಣೆಯ ಟೇಪು ಹಾಕಿ, ಕೈರೋಲರಿನಿಂದ ಒತ್ತಿ ಒತ್ತಿ ಉಜ್ಜಿ.

ತಯಾರಿ ಆಯಿತು, ಹಾಳೆ ಆಯಿತು, ಅಂಚು ಆಯಿತು. ಉಳಿದದ್ದು ಕಾಪಾಡುವುದು.

ರಬ್ಬರು ಹಾಕಿದ ಮಾಡಿನ ಮೇಲೆ ಹೊಸದಾಗಿ ಮೊಳೆ ಹೊಡೆಯಕೂಡದು. ಡಿಶ್ ಆ್ಯಂಟೆನಾ, ಕೇಬಲ್ಲಿನವರು ಬಂದಾಗ ಜೊತೆಯಲ್ಲಿ ಮೇಲೆ ಹೋಗಿ. ಕೈಗೋಡೆಯ ಹೊರಮೈಗೆ ಹಾಕಲು ಹೇಳಿ. ಸೋರಿಕೆ ಮತ್ತೆ ಶುರುವಾಗುವುದು ಹೆಚ್ಚಾಗಿ ಇಂಥ ಒಂದು ಸ್ಕ್ರೂ ತೂತಿನಿಂದ. ದೀಪಾವಳಿಯ ಪಟಾಕಿ ಅದರ ಮೇಲೆ ಬೇಡ. ಹಪ್ಪಳ ಸಂಡಿಗೆ ಒಣಗಿಸಲಿ, ಅಡ್ಡಿಯಿಲ್ಲ, ಆದರೆ ಎಣ್ಣೆ ಚೆಲ್ಲಬಾರದು. ಕಪ್ಪು ರಬ್ಬರು ಬಿಸಿಲು ಹೀರುತ್ತದೆ, ಕೆಳಗಿನ ಕೋಣೆ ಬಿಸಿಯಾಗುತ್ತದೆ. ಜನ ಇರುವ ಕೋಣೆಯ ಮೇಲಾದರೆ ರಬ್ಬರಿಗೆ ಹೊಂದುವ ಬಿಳಿ ಲೇಪ ಕೊಡಿ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಪ್ರತಿ ವಾರ, ನೀರಿಳಿಯುವ ಬಾಯಿಯ ಎಲೆ, ಪಾರಿವಾಳದ ಗೂಡಿನ ಕಡ್ಡಿ ತೆಗೆಯಿರಿ. ಬಾಯಿ ಕಟ್ಟಿಕೊಂಡರೆ ಗಚ್ಚಿ ಕೆರೆಯಾಗುತ್ತದೆ, ಯಾವ ರಬ್ಬರಿನ ಮೇಲಂಚೂ ಆಗ ಸಾಲದು.

ಕೊನೆಗೆ ಕಾಲದ ಮಾತು. ಇದು ಚಳಿಗಾಲದಲ್ಲಿ ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯಬೇಕಾದ ಕೆಲಸ. ಗಾರೆ ಒಣಗಲು ನಾಲ್ಕು ವಾರ ಬೇಕು ಎಂದೆ, ಕಮಿಟಿಯ ಸಭೆ ಕರೆಯಲು ಇನ್ನೂ ನಾಲ್ಕು ವಾರ ಹಿಡಿಯಬಹುದು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಮೇ 26ಕ್ಕೇ ಬಂತು, ತಾಡಪತ್ರಿ ಕಟ್ಟುವವರಿಗೂ ಸಮಯ ಸಿಗಲಿಲ್ಲ. ಈ ಭಾನುವಾರವೇ ನಾಲ್ಕು ಕೊಡ ನೀರು, ಒಂದು ತುಂಡು ಸೀಮೆಸುಣ್ಣ ಹಿಡಿದು ಗಚ್ಚಿಗೆ ಹತ್ತಿ. ಸೊಸೈಟಿಯವರಾದರೆ ಇಳಿದು ಬಂದ ಕೂಡಲೇ ಕಮಿಟಿಗೆ ಅರ್ಜಿ ಬರೆಯಿರಿ.